ಕುಂಟುವ ಕೋಳಿಗೂ ಡಾಕ್ಟರ್ ಇದ್ದಾರೆ: ನಮ್ಮ ತಾಲ್ಲೂಕಿನ ಪಶು ಆಸ್ಪತ್ರೆ

ಪಶು ಆಸ್ಪತ್ರೆ ಅಂದ್ರೆ ಹಸು, ಎಮ್ಮೆಗೆ ಮಾತ್ರ ಅಂದುಕೊಂಡು, ನಾಟಿ ಕೋಳಿ ಕುಂಟಿದರೆ ಸೀದಾ ಸಾರು ಮಾಡುವವರೇ ಜಾಸ್ತಿ, ಅಲ್ವಾ? ಇಲ್ಲಿನ ಡಾಕ್ಟರ್ ಹಾಗಲ್ಲ. ಕುಂಟುತ್ತಿದ್ದ ನಮ್ಮ ಕೋಳಿಯನ್ನು ಒಯ್ದಾಗ, ಮೊದಲು ಅದನ್ನು ನೆಲಕ್ಕೆ ಬಿಟ್ಟು ನಡಿಗೆ ನೋಡಿದರು. ಆಮೇಲೆ ಪಾದ ತಿರುಗಿಸಿದರೆ ಅಂಗಾಲಿನ ನಡುವೆ ಕಪ್ಪು ಹಕ್ಕಳೆ, ಸುತ್ತ ಊತ, ಮುಟ್ಟಿದರೆ ಬಿಸಿ. ಇದು ಬಂಬಲ್‌ಫುಟ್, ಅಂದರೆ ಪಾದದ ಸೋಂಕು. ಸಣ್ಣ ಗಾಯದಿಂದ ಬ್ಯಾಕ್ಟೀರಿಯಾ ಒಳಗೆ ಹೋಗಿ ಕೀವು ಗಟ್ಟಿಯಾಗಿರುತ್ತದೆ. ಅದನ್ನು ತೆಗೆದು, ಅಯೋಡಿನ್ ಹಾಕಿ ಬ್ಯಾಂಡೇಜ್ ಸುತ್ತಿದರು. ಕೋಳಿ ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಚಾಚಿ ಬಿದ್ದಿದ್ದರೆ ಮರೆಕ್ಸ್ ಎಂಬ ವೈರಸ್ ರೋಗದ ಅನುಮಾನವಂತೆ, ಅದಕ್ಕೆ ಔಷಧಿ ಇಲ್ಲ, ಮರಿ ಹುಟ್ಟಿದ ದಿನವೇ ಲಸಿಕೆ ಹಾಕಿಸಬೇಕು. ಕತ್ತು ತಿರುಚಿ ಹಸಿರು ಹಿಕ್ಕೆ ಹಾಕಿದರೆ ಕೊಕ್ಕರೆ ರೋಗ (ಬೇಗ ಹರಡುವ ವೈರಸ್ ರೋಗ) ಇರಬಹುದು, ತಕ್ಷಣ ಬೇರೆ ಕೋಳಿಗಳಿಂದ ದೂರ ಇಡಿ ಅಂದರು. ಇಷ್ಟು ಬಿಡಿಸಿ ಹೇಳುವವರು ಸಿಗುವುದು ಕಷ್ಟ.

ಬೇಸರ ಅಂದ್ರೆ, ಮಧ್ಯಾಹ್ನ ಹೋದರೆ ಡಾಕ್ಟರ್ ಸಿಗುವುದಿಲ್ಲ, ಸುಮ್ನೆ ಕಾಯಬೇಕು. ಮಾತ್ರೆಯನ್ನೂ ಹೊರಗಡೆಯೇ ತರಬೇಕು. ಆಂಟಿಬಯಾಟಿಕ್ ಬರೆದುಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ನೀವೇ ಕೇಳಿ, ಅವರಾಗಿ ಹೇಳುವುದಿಲ್ಲ.