ಕಪ್, ಬಟ್ಟೆ ಪ್ಯಾಡ್, ಅಂಗಡಿ ಪ್ಯಾಡ್, ಟ್ಯಾಂಪನ್: ಬದಲಾಯಿಸುವ ಜಾಗ ನೋಡಿ ಆರಿಸಿ

ಮುಟ್ಟಿನ ಕಪ್ (ಯೋನಿಯೊಳಗೆ ಕೂತು ರಕ್ತ ಹಿಡಿಯುವ ಸಿಲಿಕೋನ್ ಬಟ್ಟಲು) ಕೊಳ್ಳಬೇಕೆಂದಿರುವವರು ಮೊದಲು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಹಿಡಿಯುತ್ತದೆ, ಎಷ್ಟು ವರ್ಷ ಬಾಳುತ್ತದೆ. ಎಲ್ಲವನ್ನೂ ಬಳಸಿ ನೋಡಿದ ಮೇಲೆ ನಮಗೆ ಇವೆರಡಕ್ಕಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು ಪ್ರಶ್ನೆ. ದಿನಕ್ಕೆ ಎಷ್ಟು ಸಲ ಬದಲಾಯಿಸಬೇಕು, ಆಗ ನೀವು ಎಲ್ಲಿರುತ್ತೀರಿ? ಅಲ್ಲಿ ನೀರಿದೆಯೇ, ಬಾಗಿಲಿಗೆ ಚಿಲಕವಿದೆಯೇ, ಕಸದ ಬುಟ್ಟಿ ಇದೆಯೇ? ಶಾಲೆ, ಗಾರ್ಮೆಂಟ್ ಕಾರ್ಖಾನೆ, ಗದ್ದೆ, ಬಸ್ ಸ್ಟ್ಯಾಂಡ್, ಐಟಿ ಆಫೀಸು, ಎಲ್ಲೇ ಕೆಲಸ ಮಾಡುವವರಿಗೂ ತೊಂದರೆ ಶುರುವಾಗುವುದು ಇಲ್ಲಿಂದಲೇ.

ಅಂಗಡಿ ಪ್ಯಾಡನ್ನೂ ಬಟ್ಟೆ ಪ್ಯಾಡನ್ನೂ 4ರಿಂದ 6 ಗಂಟೆಗೊಮ್ಮೆ ಬದಲಾಯಿಸಬೇಕು. ಟ್ಯಾಂಪನ್ (ಯೋನಿಯೊಳಗೆ ಇಟ್ಟುಕೊಳ್ಳುವ ಹೀರುವ ಸುರುಳಿ) 4ರಿಂದ 8 ಗಂಟೆ, ಅದಕ್ಕಿಂತ ಹೆಚ್ಚು ಖಂಡಿತ ಬೇಡ. ಕಪ್ಪನ್ನು ಸ್ರಾವ ನೋಡಿಕೊಂಡು 8ರಿಂದ 12 ಗಂಟೆ ಇಟ್ಟುಕೊಳ್ಳಬಹುದು. ಅಂದರೆ ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ, ಎರಡೂ ಮನೆಯ ಬಚ್ಚಲಲ್ಲೇ ಮುಗಿಯುತ್ತದೆ. ನಮ್ಮ ಪ್ರಕಾರ ಕಪ್ ಗೆಲ್ಲುವುದು ಮುಖ್ಯವಾಗಿ ಈ ಕಾರಣಕ್ಕೆ. ದುಡ್ಡಿನ ಉಳಿತಾಯ ಆಮೇಲಿನದು.

ಅಳತೆಯ ಮಾತಿಗೆ ಬಂದರೆ, ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸರಾಸರಿ 30–40 ಎಂಎಲ್. 80 ಎಂಎಲ್ ದಾಟಿದರೆ ಅತಿಸ್ರಾವ ಎನ್ನುತ್ತಾರೆ. ರಕ್ತದ ಜೊತೆ ಲೋಳೆ, ಒಳಪದರದ ಚೂರುಗಳೂ ಸೇರುವುದರಿಂದ ಹೊರಬರುವ ಒಟ್ಟು ದ್ರವ ಇದಕ್ಕಿಂತ ಹೆಚ್ಚು. ರೆಗ್ಯುಲರ್ ಟ್ಯಾಂಪನ್ ಹೀರುವುದು 6ರಿಂದ 9 ಗ್ರಾಂ. ಕಪ್ ಗಾತ್ರಕ್ಕೆ ತಕ್ಕಂತೆ 15ರಿಂದ 30 ಎಂಎಲ್ ಹಿಡಿಯುತ್ತದೆ.

ಅಂಗಡಿ ಪ್ಯಾಡ್

ಕಲಿಯುವುದೇನೂ ಇಲ್ಲ, ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ, ಬದಲಾಯಿಸುವಾಗ ನೀರು ಇಲ್ಲದಿದ್ದರೂ ಹೇಗೋ ನಡೆಯುತ್ತದೆ. ದಿಢೀರನೆ ಮುಟ್ಟಾದಾಗ ಇದರಷ್ಟು ಕೈಗೆಟಕುವುದು ಇನ್ನೊಂದಿಲ್ಲ. ತೊಂದರೆ ಇರುವುದು ಅದರ ಪದರಗಳಲ್ಲಿ. ಕೆಳಗಡೆ ಪ್ಲಾಸ್ಟಿಕ್ ಹಾಳೆ, ನಡುವೆ ದ್ರವವನ್ನು ಜೆಲ್ ಮಾಡುವ ಪುಡಿ, ಮೇಲೆ ಹೆಚ್ಚಿನವುಗಳಲ್ಲಿ ಪ್ಲಾಸ್ಟಿಕ್ ನೂಲಿನ ಪದರ. ಗಾಳಿ ಆಡದೆ ಬೆವರು ನಿಲ್ಲುತ್ತದೆ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆಯ ಸೆಕೆಗೆ, ಸ್ಕೂಟರ್ ಓಡಿಸುವವರಿಗೆ, ಇಡೀ ದಿನ ಕೂತು ಹೊಲಿಯುವವರಿಗೆ ತೊಡೆಸಂದು ಕೆಂಪಾಗಿ ಉರಿಯುವುದು ಇದರಿಂದಲೇ. ವಾಸನೆಯೂ ಹಾಗೆಯೇ: ರಕ್ತ ಗಾಳಿ, ಬೆವರಿನ ಜೊತೆ ಸೇರಿ ಗಂಟೆಗಟ್ಟಲೆ ಉಳಿದಾಗ ಹುಟ್ಟುತ್ತದೆ. ಪರಿಮಳ ಸೇರಿಸಿದ ಪ್ಯಾಡ್ ಅದನ್ನು ಮುಚ್ಚುತ್ತದೆ, ಆದರೆ ಚರ್ಮಕ್ಕೆ ಇನ್ನೊಂದು ಕಿರಿಕಿರಿ ಸೇರಿಸುತ್ತದೆ. ಅದನ್ನು ನಾವು ಯಾರಿಗೂ ಹೇಳುವುದಿಲ್ಲ.

ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆಯಾಗಿ ಕೊಡಬೇಕೆಂಬುದು ಬೆಂಗಳೂರಿನ ಕ್ರಮ. ಹಳ್ಳಿಯಲ್ಲಿ ಅದನ್ನು ಒಯ್ಯುವವರೇ ಇಲ್ಲ. ಸುಟ್ಟರೆ ಪ್ಲಾಸ್ಟಿಕ್ ಹೊಗೆ, ಹೂತರೆ ಹಾಗೆಯೇ ಉಳಿಯುತ್ತದೆ, ಟಾಯ್ಲೆಟ್ಟಿಗೆ ಹಾಕಿದರೆ ಗುಂಡಿ ಕಟ್ಟುತ್ತದೆ.

ಖರ್ಚಿನ ಲೆಕ್ಕ ಪ್ರಾಮಾಣಿಕವಾಗಿ ಹಾಕಬೇಕು. ತಿಂಗಳಿಗೆ 15 ಪ್ಯಾಡ್, ಒಂದಕ್ಕೆ 7 ರೂಪಾಯಿ ಎಂದರೆ ವರ್ಷಕ್ಕೆ 1,200 ದಾಟುತ್ತದೆ. 300–600 ರೂಪಾಯಿಯ ಕಪ್ ಆರು ತಿಂಗಳೊಳಗೆ ಅಸಲು ತೀರಿಸುತ್ತದೆ. ಆದರೆ ಜನೌಷಧಿ ಕೇಂದ್ರಗಳಲ್ಲಿ 2019ರ ಆಗಸ್ಟ್‌ನಿಂದ ಸುವಿಧಾ ಪ್ಯಾಡ್ 1 ರೂಪಾಯಿಗೆ ಸಿಗುತ್ತಿದೆ. ಅದನ್ನು ಬಳಸುವವರಿಗೆ ವರ್ಷಕ್ಕೆ 200 ರೂಪಾಯಿಯೂ ಆಗದು. ಅಂಥವರಿಗೆ ಉಳಿತಾಯದ ಆಸೆ ತೋರಿಸಿ ಕಪ್ ಮಾರುವುದು ಸರಿಯಲ್ಲ.

ಬಟ್ಟೆ ಪ್ಯಾಡ್

ಹಳೆ ಸೀರೆ ತುಂಡಿಗೂ ಈಗಿನ ಹೊಲಿದ ಬಟ್ಟೆ ಪ್ಯಾಡಿಗೂ ವ್ಯತ್ಯಾಸವಿದೆ. ಇದರಲ್ಲಿ ಹತ್ತಿಯ ಫ್ಲಾನೆಲ್ ಪದರಗಳು, ಅಡಿಯಲ್ಲಿ ಸೋರದ ಪದರ, ಚಡ್ಡಿಗೆ ಸಿಕ್ಕಿಸಲು ರೆಕ್ಕೆಗೆ ಬಟನ್ ಇರುತ್ತವೆ. ಚರ್ಮಕ್ಕೆ ಇದರಷ್ಟು ಹಿತ ಬೇರೆ ಯಾವ ಪ್ಯಾಡೂ ಅಲ್ಲ. ತೊಡೆ ಉರಿಯುವವರು ಮೊದಲು ಇದನ್ನೇ ನೋಡಬೇಕು. ಆರೆಂಟು ಪ್ಯಾಡ್ ಇದ್ದರೆ ಒಂದು ಸುತ್ತು ನಡೆಯುತ್ತದೆ.

ಒಗೆಯುವುದರಲ್ಲಿ ಎಲ್ಲರೂ ಎಡವುವುದು ಬಿಸಿನೀರಿನಲ್ಲಿ. ಬಿಸಿಗೆ ರಕ್ತದ ಪ್ರೋಟೀನ್ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ, ಕಲೆ ಹೋಗುವುದಿಲ್ಲ. ಮೊದಲು ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ಆಮೇಲೆ ಸೋಪು ಹಚ್ಚಿ ತಿಕ್ಕಬೇಕು. ಕಂಫರ್ಟ್‌ನಂಥ ಬಟ್ಟೆ ಮೆದುಗೊಳಿಸುವ ದ್ರವ ಹಾಕಿದರೆ ನೂಲಿನ ಮೇಲೆ ಪದರ ಕಟ್ಟಿ ಹೀರುವ ಶಕ್ತಿ ಹೋಗುತ್ತದೆ.

ನಿಜವಾದ ಸವಾಲು ಒಣಗಿಸುವುದು. ಬಿಸಿಲಿಗೆ ಹಾಕಬೇಕು, ಆದರೆ ಬಹಳ ಮನೆಗಳಲ್ಲಿ ಅದನ್ನು ಲಂಗದ ಅಡಿಯಲ್ಲೋ ಬಚ್ಚಲಿನ ಮೂಲೆಯಲ್ಲೋ ಅಡಗಿಸಿ ಒಣಹಾಕುತ್ತಾರೆ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣುವುದಿಲ್ಲ. ಹಸಿ ಉಳಿದ ಪ್ಯಾಡ್ ಹಾಕಿಕೊಂಡರೆ ಫಂಗಸ್, ತುರಿಕೆ ಬರುತ್ತದೆ. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಒಣಗಿಸಿ, ಕೊನೆಗೆ ಇಸ್ತ್ರಿ ಹಾಕಬಹುದು, ಅದೂ ಹತ್ತಿಯ ಕಡೆ ಮಾತ್ರ. ಸೋರದ ಪದರಕ್ಕೆ ಇಸ್ತ್ರಿ ತಾಗಿದರೆ ಅದು ಕರಗಿ ಹಾಳಾಗುತ್ತದೆ. ಆಗುಂಬೆಯಂಥ ಊರಿನಲ್ಲಿ ಇರುವವರಿಗೆ ಆ ನಾಲ್ಕು ತಿಂಗಳು ಕಪ್ಪೇ ಸರಿ. ಕಪ್ಪನ್ನು ಒರೆಸಿದರೆ ಮುಗಿಯಿತು.

ಹೊರಗಿನ ಊರಿಗೆ ಹೋದಾಗ ಬಳಸಿದ ಪ್ಯಾಡನ್ನು ಸೋರದ ಚೀಲದಲ್ಲಿ ಮಡಚಿ ತರಬೇಕು ಎಂಬುದೂ ನೆನಪಿರಲಿ.

ಟ್ಯಾಂಪನ್, ಡಿಸ್ಕ್, ಪಿರಿಯಡ್ ಪ್ಯಾಂಟಿ

ಈಜುವವರಿಗೆ ಟ್ಯಾಂಪನ್ ಸುಲಭ. ಆದರೆ ಬೆಂಗಳೂರು, ಮೈಸೂರು, ಮಂಗಳೂರು ಬಿಟ್ಟರೆ ಔಷಧಿ ಅಂಗಡಿಯಲ್ಲಿ ಕಾಣುವುದು ಅಪರೂಪ, ಪ್ರತಿ ತಿಂಗಳೂ ಕೊಳ್ಳಬೇಕು. ಅದು ರಕ್ತವನ್ನಷ್ಟೇ ಅಲ್ಲ, ಯೋನಿಯ ಸಹಜ ತೇವವನ್ನೂ ಹೀರುತ್ತದೆ. ಸ್ರಾವ ಕಡಿಮೆ ಇರುವ ದಿನ ಎಳೆಯುವಾಗ ಒಣಗಿ ಉಜ್ಜಿ ನೋಯುತ್ತದೆ. ಡಿಸ್ಕ್ ಎಂದರೆ ಒಳಗೆ ಅಡ್ಡಲಾಗಿ ಕೂರುವ ತಟ್ಟೆಯಂಥ ಬಟ್ಟಲು. ಗರ್ಭಕಂಠ (ಗರ್ಭಕೋಶದ ಬಾಯಿ) ಕೆಳಗಿರುವವರಿಗೆ ಅದು ಒಳ್ಳೆಯದು, ಆದರೆ ತೆಗೆಯುವಾಗ ಚೆಲ್ಲುವುದು ಹೆಚ್ಚು. ಹೀರುವ ಪದರ ಹೊಲಿದ ಚಡ್ಡಿಯಾದ ಪಿರಿಯಡ್ ಪ್ಯಾಂಟಿ ದಪ್ಪ, ಒಣಗಲು ಬಟ್ಟೆ ಪ್ಯಾಡಿಗಿಂತ ಹೆಚ್ಚು ಹೊತ್ತು. ಕಪ್ ಕಲಿಯುವ ತಿಂಗಳುಗಳಲ್ಲಿ ಜೊತೆಗಿದ್ದರೆ ಧೈರ್ಯ.

ಕಪ್

ಕರ್ನಾಟಕ ಸರ್ಕಾರ 2022ರಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಹದಿಹರೆಯದ ಹೆಣ್ಣುಮಕ್ಕಳಿಗೆ ಕಪ್ ಕೊಡುವ ಮೈತ್ರಿ ಯೋಜನೆ ಶುರುಮಾಡಿತು. ಕಪ್ ಮದುವೆಯಾದವರಿಗೆ ಮಾತ್ರ ಎಂಬ ಮಾತಿಗೆ ಇದೊಂದು ಉತ್ತರ. ಕನ್ಯಾಪೊರೆ ಯೋನಿಯನ್ನು ಮುಚ್ಚಿರುವ ಹಾಳೆಯಲ್ಲ, ಬಾಯಿಯ ಸುತ್ತ ಇರುವ ಹಿಗ್ಗುವ ಅಂಚು. ಕಪ್ ಹಾಕುವಾಗ ಅದು ಹಿಗ್ಗಬಹುದು, ಕೆಲವರಿಗೆ ಸ್ವಲ್ಪ ಹರಿಯಲೂಬಹುದು, ಹರಿದರೂ ಕನ್ಯತ್ವಕ್ಕೂ ಅದಕ್ಕೂ ಸಂಬಂಧವಿಲ್ಲ. ಹುಡುಗಿಗೆ ಇದನ್ನು ಮೊದಲೇ ಹೇಳಿ, ಅವಳು ಒಪ್ಪಿದರೆ ಮಾತ್ರ ಕೊಡಬೇಕು. ಬಲವಂತ ಬೇಡವೇ ಬೇಡ.

ಆರಿಸುವಾಗ ಪೆಟ್ಟಿಗೆಯ ಮೇಲಿನ ‘30 ವರ್ಷದ ಒಳಗೆ ಸಣ್ಣದು, ಹೆರಿಗೆ ಆದವರಿಗೆ ದೊಡ್ಡದು’ ಎಂಬ ಸೂತ್ರವನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ಗರ್ಭಕಂಠ ಎಷ್ಟು ಎತ್ತರದಲ್ಲಿದೆ ಎಂಬುದು ಅದಕ್ಕಿಂತ ಮುಖ್ಯ. ಮುಟ್ಟಿನ ದಿನವೇ ಅಳೆಯಿರಿ, ಆಗ ಅದು ಸಾಮಾನ್ಯವಾಗಿ ಕೆಳಗಿರುತ್ತದೆ. ಕೈ ತೊಳೆದು, ಕುಕ್ಕರಗಾಲಲ್ಲಿ ಕೂತು, ನಡುಬೆರಳನ್ನು ಮೆಲ್ಲಗೆ ಒಳಗೆ ಹಾಕಿ. ಮೂಗಿನ ತುದಿಯಂತೆ ಗಟ್ಟಿಯಾಗಿ ದುಂಡಗೆ ತಾಗುವುದೇ ಗರ್ಭಕಂಠ. ಬೆರಳಿನ ಮೊದಲ ಗೆಣ್ಣಿಗೇ ತಾಗಿದರೆ ಉದ್ದ ಕಡಿಮೆಯ ಕಪ್ ಬೇಕು. ಇಡೀ ಬೆರಳು ಹೋದರೂ ಕಷ್ಟದಲ್ಲಿ ತಾಗಿದರೆ ಉದ್ದದ ಕಪ್ ತೆಗೆದುಕೊಳ್ಳಿ, ಇಲ್ಲದಿದ್ದರೆ ತೆಗೆಯುವಾಗ ಬುಡ ಸಿಗುವುದಿಲ್ಲ.

ಇನ್ನೊಂದು, ಗಡಸುತನ. ಮೆದು ಕಪ್ ಹಿತವಾಗಿರುತ್ತದೆ, ಆದರೆ ಆಟ, ವ್ಯಾಯಾಮ ಮಾಡಿ ಸ್ನಾಯು ಬಿಗಿಯಾದವರ ಒಳಗೆ ಅದು ಪೂರ್ತಿ ಬಿಚ್ಚಿಕೊಳ್ಳದೆ ಸೋರುತ್ತದೆ. ಗಟ್ಟಿ ಕಪ್ ಬೇಗ ಬಿಚ್ಚಿಕೊಳ್ಳುತ್ತದೆ, ಆದರೆ ಮೂತ್ರಕೋಶ ಒತ್ತಿ ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸಬಹುದು. ಮೊದಲ ಸಲಕ್ಕೆ ಮಧ್ಯಮ ಗಡಸಿನ, ಮೆಡಿಕಲ್ ಗ್ರೇಡ್ ಸಿಲಿಕೋನ್ ಕಪ್ ಸಾಕು. ಪೆಟ್ಟಿಗೆ ಬಿಚ್ಚಿದಾಗ ಕಟುವಾದ ರಬ್ಬರ್ ವಾಸನೆ ಬರುವ ಅಗ್ಗದ ಕಪ್ ಬೇಡ.

ಪ್ರತಿ ಮುಟ್ಟಿನ ಮೊದಲು ಮತ್ತು ಮುಗಿದ ಮೇಲೆ 5 ನಿಮಿಷ ಕುದಿಸಬೇಕು. ಹಂಡೆಯ ಬಿಸಿನೀರು, ಗೀಸರ್ ನೀರು ಸಾಲದು, ನೀರು ಗುಳ್ಳೆಯೆದ್ದು ಕುದಿಯಬೇಕು. ಪಾತ್ರೆಯ ತಳಕ್ಕೆ ಕಪ್ ತಾಗಿದರೆ ಸೀಯುತ್ತದೆ, ಆದ್ದರಿಂದ ಸ್ಟೀಲ್ ಟೀ ಸೋಸುವ ಜಾಲರಿಯಲ್ಲಿಟ್ಟು ಮುಳುಗಿಸಿ. ಇದಕ್ಕೆಂದೇ ಒಂದು ಪಾತ್ರೆ, ಒಂದು ಜಾಲರಿ ಬೇರೆ ಇಟ್ಟರೆ ಮನೆಯವರ ಗೊಣಗಾಟವೂ ಇಲ್ಲ. ಪಿಜಿಯಲ್ಲಿರುವವರಿಗೆ ಮೈಕ್ರೋವೇವ್‌ನಲ್ಲಿಡುವ ಸಣ್ಣ ಡಬ್ಬಿ ಸಿಗುತ್ತದೆ.

ಹಾಕಲು ಅಂಚನ್ನು ಬೆರಳಿನಿಂದ ಒಳಕ್ಕೆ ಒತ್ತಿ ಮಡಚುವ ವಿಧಾನ ಹೊಸಬರಿಗೆ ಸುಲಭ, ತುದಿ ಚೂಪಾಗುತ್ತದೆ. ನೀರು ಅಥವಾ ನೀರಿನ ಆಧಾರದ ಜೆಲ್ಲಿ ಹಚ್ಚಿ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಬೇಡ. ಕುಕ್ಕರಗಾಲಲ್ಲಿ ಕೂತು, ನೇರ ಮೇಲಕ್ಕಲ್ಲ, ಬೆನ್ನಿನ ಬುಡದ ಕಡೆಗೆ ತಳ್ಳಿ ಬಿಡಿ. ಇಂಡಿಯನ್ ಟಾಯ್ಲೆಟ್ ಇದಕ್ಕೆ ಕಮೋಡಿಗಿಂತ ಅನುಕೂಲ. ಆಮೇಲೆ ಬುಡದ ಸುತ್ತ ಬೆರಳಾಡಿಸಿ. ಗುಳಿ ಸಿಕ್ಕರೆ ಕಪ್ ಬಿಚ್ಚಿಲ್ಲ, ಬುಡ ಹಿಡಿದು ಸ್ವಲ್ಪ ತಿರುಗಿಸಿ.

ಸೋರಿದರೆ ಕಾರಣ ಹುಡುಕುವ ಕ್ರಮ ಇದು. ಹಾಕಿದ ಕೂಡಲೇ ನಾಲ್ಕು ಹನಿ ಬಂದರೆ ಅದು ಗೋಡೆಗೆ ಅಂಟಿದ್ದ ಹಳೆಯ ರಕ್ತ, ಸೋರಿಕೆಯಲ್ಲ. ಅರ್ಧ ತುಂಬಿರುವಾಗಲೇ ಸೋರಿದರೆ ಕಪ್ ಬಿಚ್ಚಿಲ್ಲ ಅಥವಾ ಗರ್ಭಕಂಠದ ಪಕ್ಕಕ್ಕೆ ಸರಿದಿದೆ. ಕಪ್ ಖಾಲಿ, ಚಡ್ಡಿ ಮಾತ್ರ ಒದ್ದೆ ಎಂದರೆ ಪಕ್ಕಕ್ಕೆ ಸರಿದಿರುವುದು ಬಹುತೇಕ ಖಚಿತ. ಅಂಚಿನ ಕೆಳಗಿನ ಸಣ್ಣ ತೂತು ಕಟ್ಟಿದ್ದರೂ ಕಪ್ ಒಳಗೋಡೆಗೆ ಅಂಟಿಕೊಳ್ಳುವ ಹಿಡಿತ ಕೂರುವುದಿಲ್ಲ: ಕಪ್ಪಿಗೆ ನೀರು ತುಂಬಿ, ಅಂಗೈಯಿಂದ ಬಾಯಿ ಮುಚ್ಚಿ ಹಿಸುಕಿದರೆ ತೂತಿನಿಂದ ನೀರು ಚಿಮ್ಮಿ ಕಸ ಹೋಗುತ್ತದೆ. ಮಲಬದ್ಧತೆ ಇದ್ದಾಗಲೂ ಒತ್ತಡಕ್ಕೆ ಕಪ್ ಸೊಟ್ಟಗಾಗುತ್ತದೆ.

ತೆಗೆಯುವಾಗ ಕಪ್ಪಿನ ಬುಡದ ಬಾಲ ಹಿಡಿದು ಎಳೆಯಬೇಡಿ. ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಮುಕ್ಕಿ, ಬುಡ ಕೈಗೆ ಸಿಕ್ಕ ಮೇಲೆ ಹಿಸುಕಿ ಹಿಡಿತ ಬಿಡಿಸಿ, ಒಂದು ಕಡೆಯ ಅಂಚನ್ನು ಮೊದಲು ಹೊರತಂದು ಚೆಲ್ಲದಂತೆ ತೆಗೆಯಿರಿ. ಸಿಗದಿದ್ದರೆ ಗಾಬರಿ ಬೇಡ, ಗರ್ಭಕಂಠ ದಾಟಿ ಕಪ್ ಎಲ್ಲೂ ಹೋಗಲಾರದು. ಅರ್ಧ ಗಂಟೆ ಓಡಾಡಿ ಮತ್ತೆ ಪ್ರಯತ್ನಿಸಿ. ಹಾಕಿ 12 ಗಂಟೆಯಾದರೂ ಬರದಿದ್ದರೆ ವೈದ್ಯರ ಹತ್ತಿರ ಹೋಗಿ, ಅವರಿಗೆ ಇದು ಎರಡು ನಿಮಿಷದ ಕೆಲಸ. ತೊಳೆಯಲು ಮೊದಲು ತಣ್ಣೀರು, ಆಮೇಲೆ ವಾಸನೆಯಿಲ್ಲದ ಸೋಪು. ಹೊರಗೆ ನೀರಿಲ್ಲದ ಕಡೆ ತೆಗೆಯಲೇಬೇಕಾದರೆ ಕೈ ಮೊದಲೇ ತೊಳೆದುಕೊಂಡು ಹೋಗಿ, ಸುರಿದು, ಬಾಟಲಿ ನೀರಲ್ಲಿ ತೊಳೆದು ಮತ್ತೆ ಹಾಕಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಕುದಿಸಿದರೆ ಬಿಳಿ ಪದರ ಕೂರುತ್ತದೆ, ಕುದಿಯುವ ನೀರಿಗೆ ಒಂದು ಚಮಚ ವಿನೆಗರ್ ಹಾಕಿದರೆ ಬಿಡುತ್ತದೆ. ಗಾಳಿಯಾಡುವ ಬಟ್ಟೆ ಚೀಲದಲ್ಲಿಡಿ. ಬಿಗಿ ಡಬ್ಬಿಯಲ್ಲಿಟ್ಟರೆ ವಾಸನೆ ಹಿಡಿಯುತ್ತದೆ. ಸಿಲಿಕೋನ್ ಅಂಟಂಟಾದರೆ, ಬಿರುಕು ಬಿಟ್ಟರೆ ಬಿಸಾಡಿ.

ಕಲಿಯಲು ಎರಡು ಮೂರು ತಿಂಗಳು ಬೇಕೇ ಬೇಕು. ಮೊದಲ ಸಲವೇ ಸೋತು ಬಿಟ್ಟವರು ಬಹಳ. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ 43 ಅಧ್ಯಯನಗಳನ್ನು, ಒಟ್ಟು ಸುಮಾರು 3,300 ಮಂದಿಯ ಅನುಭವವನ್ನು ಒಟ್ಟಿಗೆ ನೋಡಿದ ವಿಮರ್ಶೆ ಬಂತು. ಅದರ ಪ್ರಕಾರ ಕಪ್ಪಿನ ಸೋರಿಕೆ ಪ್ಯಾಡ್, ಟ್ಯಾಂಪನ್‌ಗಳಷ್ಟೇ ಅಥವಾ ಅದಕ್ಕಿಂತ ಕಡಿಮೆ, ರೂಢಿಯಾದವರಲ್ಲಿ ಸುಮಾರು 70 ಶೇಕಡಾ ಜನ ಮುಂದುವರಿಸುವ ಮನಸ್ಸು ಮಾಡಿದರು. ಆ ಮೊದಲ ತಿಂಗಳುಗಳಲ್ಲಿ ಕಪ್ ಜೊತೆ ತೆಳುವಾದ ಬಟ್ಟೆ ಪ್ಯಾಡ್ ಹಾಕಿಕೊಳ್ಳಿ, ಮೊದಲ ಪ್ರಯತ್ನ ರಜೆಯ ದಿನ ಮನೆಯಲ್ಲೇ ಇರಲಿ.

ಕಾಪರ್-ಟಿ ಇರುವವರು ವೈದ್ಯರನ್ನು ಕೇಳದೆ ಕಪ್ ಹಾಕಬೇಡಿ. ಹಿಡಿತ ಬಿಡಿಸದೆ ಎಳೆದರೆ ಕಾಪರ್-ಟಿ ಜಾರಬಹುದು, ದಾರ ಕಪ್ಪಿನ ಜೊತೆ ಸಿಕ್ಕಿಕೊಳ್ಳಬಹುದು. ಹೆರಿಗೆಯಾದ ಮೊದಲ ಆರು ವಾರ, ಗರ್ಭಕೋಶ ಜಾರಿರುವಾಗ, ಯೋನಿಯಲ್ಲಿ ಸೋಂಕಿರುವಾಗ ಕಪ್ ಬೇಡ, ಬಟ್ಟೆ ಅಥವಾ ಅಂಗಡಿ ಪ್ಯಾಡ್ ಬಳಸಿ. ಕಪ್ ಅಥವಾ ಟ್ಯಾಂಪನ್ ಇರುವಾಗ ದಿಢೀರ್ ಜೋರು ಜ್ವರ, ವಾಂತಿ, ತಲೆಸುತ್ತು, ಬಿಸಿಲಿಗೆ ಸುಟ್ಟಂತೆ ಕೆಂಪು ದದ್ದು ಬಂದರೆ ಕೂಡಲೇ ತೆಗೆದು ಆಸ್ಪತ್ರೆಗೆ ಹೋಗಿ, ಏನು ಬಳಸುತ್ತಿದ್ದಿರೆಂದು ಹೇಳಿ. ಇದು ಬ್ಯಾಕ್ಟೀರಿಯಾದ ವಿಷದಿಂದ ಬರುವ ಟಾಕ್ಸಿಕ್ ಶಾಕ್ ಇರಬಹುದು; ಬಹಳ ಅಪರೂಪ, ಆದರೆ ತಡಮಾಡಿದರೆ ಜೀವಕ್ಕೇ ಅಪಾಯ.

ಕಪ್ಪಿನಿಂದ ಸಿಗುವ ಇನ್ನೊಂದು ಲಾಭ ಪ್ಯಾಡ್, ಟ್ಯಾಂಪನ್‌ಗಳಲ್ಲಿ ಇಲ್ಲ: ಗೆರೆ ಇರುವ ಕಪ್ಪಾದರೆ ಅದರ ಒಳಗೋಡೆಯ ಗೆರೆ ನೋಡಿ ಸ್ರಾವವನ್ನು ಅಳೆಯಬಹುದು. ಸುರಿಯುವ ಮುಂಚೆ ಎಷ್ಟು ಎಂಎಲ್ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದು ಮುಟ್ಟಿನ ಮೊತ್ತ ಪ್ರತಿ ತಿಂಗಳೂ 80 ದಾಟುತ್ತಿದ್ದರೆ, ಅಥವಾ 30 ಎಂಎಲ್ ಕಪ್ ಮೂರು ನಾಲ್ಕು ಗಂಟೆಗೇ ತುಂಬುತ್ತಿದ್ದರೆ, ಆ ಕ್ಯಾಲೆಂಡರ್ ಹಿಡಿದುಕೊಂಡು ವೈದ್ಯರ ಹತ್ತಿರ ಹೋಗಿ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ‘ತುಂಬಾ ಹೋಗುತ್ತೆ ಡಾಕ್ಟ್ರೇ’ ಎನ್ನುವುದರ ಜೊತೆಗೆ ಅಂಕಿ ತೋರಿಸಿದರೆ ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಇದೆಯೇ ಎಂದು ಸ್ಕ್ಯಾನ್ ಮಾಡಿಸಬೇಕೋ ಬೇಡವೋ ಎಂಬುದು ಅವರಿಗೂ ಬೇಗ ತೀರ್ಮಾನವಾಗುತ್ತದೆ.