ಅಸರ್ ಹಾಳೆ: ಉಚಿತ ಅಳತೆಗೋಲು, ಆದರೆ ಹಿಡಿಯುವ ಕೈ ಪಳಗಿರಬೇಕು

ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯಲು ಪ್ರಥಮ್ ಸಂಸ್ಥೆ 2005ರಿಂದ ಬಳಸುತ್ತಿರುವ ಅಸರ್ ಹಾಳೆ ಕನ್ನಡದಲ್ಲೂ ಪುಕ್ಕಟೆ ಸಿಗುತ್ತದೆ. ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಿಸಿದರೆ ಆಯಿತು. ಸಣ್ಣ ಸಮೀಕ್ಷೆಗೆ ಇಷ್ಟು ಅಗ್ಗದ, ಇಷ್ಟು ಬೇಗ ಮುಗಿಯುವ ಸಾಧನ ಇನ್ನೊಂದಿಲ್ಲ.

ಓದಿನ ಹಾಳೆಯಲ್ಲಿ ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ ಇರುತ್ತವೆ. ಶುರು ಮಾಡಬೇಕಾದ್ದು ಪ್ಯಾರಾದಿಂದ. ಸರಾಗವಾಗಿ ಓದಿದರೆ ಕಥೆಗೆ ಹೋಗಿ, ತಡವರಿಸಿದರೆ ಪದಕ್ಕೆ ಇಳಿಯಿರಿ. ಐದು ಪದಗಳಲ್ಲಿ ನಾಲ್ಕು ಸರಿ ಬರದಿದ್ದರೆ ಅಕ್ಷರ. ಅಕ್ಷರವೂ ಬರದಿದ್ದರೆ ಆರಂಭಿಕ ಮಟ್ಟ, ಹೀಗೆ ಒಟ್ಟು ಐದು.

ವಿಶ್ವಾಸಾರ್ಹತೆ ಕೈಕೊಡುವುದು ಪ್ಯಾರಾ ಮತ್ತು ಪದದ ನಡುವಿನ ಗಡಿಯಲ್ಲಿ. ಮೂರು ತಪ್ಪಿನವರೆಗೆ ವಿನಾಯಿತಿ ಇದೆ, ನಿಧಾನವಾದರೂ ಅಡ್ಡಿಯಿಲ್ಲ. ಆದರೆ ಮಗು ವಾಕ್ಯವನ್ನು ವಾಕ್ಯವಾಗಿ ಓದಬೇಕು. 'ಮರದ... ಮೇಲೆ... ಹಕ್ಕಿ...' ಎಂದು ಬಿಡಿಬಿಡಿಯಾಗಿ ಓದಿದ ಮಗುವನ್ನು ಒಬ್ಬ ಸಮೀಕ್ಷಕರು ಪದ ಮಟ್ಟಕ್ಕೆ ಹಾಕುತ್ತಾರೆ, ಇನ್ನೊಬ್ಬರು ಪಾಪ ಎಂದು ಪ್ಯಾರಾಕ್ಕೆ ಏರಿಸುತ್ತಾರೆ. ಕನ್ನಡದಲ್ಲಿ ಇನ್ನೊಂದು ತಲೆನೋವು: ಹಳೇ ಮೈಸೂರು ಕಡೆಯ ಮಗು 'ಹಕ್ಕಿ'ಯನ್ನು 'ಅಕ್ಕಿ' ಎಂದರೆ ತಪ್ಪೋ ಸರಿಯೋ? ಅದು ಆಡುಮಾತಿನ ಉಚ್ಚಾರ, ಓದಿನ ದೋಷವಲ್ಲ. ತಪ್ಪೆಂದು ಎಣಿಸಿದರೆ ನೀವು ಅಳೆದದ್ದು ಓದನ್ನಲ್ಲ, ಸೀಮೆಯನ್ನು. ಇದನ್ನು ತರಬೇತಿಯ ದಿನವೇ ಇತ್ಯರ್ಥ ಮಾಡಿ ಬರೆದಿಡಿ.

ಕ್ಷೇತ್ರಕ್ಕಿಳಿಯುವ ಮುನ್ನ ಸುಮಾರು 50 ಮಕ್ಕಳ ಓದಿಗೆ ಇಬ್ಬರು ಸಮೀಕ್ಷಕರು ಒಟ್ಟಿಗೆ ಕುಳಿತು, ಒಬ್ಬರದು ಒಬ್ಬರು ನೋಡದೆ ಗುರುತು ಹಾಕಲಿ. 40ರಲ್ಲಿ ಒಮ್ಮತ ಬಂತು ಅಂದುಕೊಳ್ಳಿ. 80 ಪರ್ಸೆಂಟ್ ಎಂದು ಬೀಗಬೇಡಿ. ಆಕಸ್ಮಿಕವಾಗಿಯೇ 14 ಹೊಂದುವಂತಿದ್ದರೆ ಕಪ್ಪಾ ಬೆಲೆ, ಅಂದರೆ ಆಕಸ್ಮಿಕ ಹೊಂದಿಕೆಯನ್ನು ಕಳೆದು ಉಳಿದ ಒಮ್ಮತದ ಅಳತೆ, (40−14)/(50−14), ಅಂದರೆ 0.72. ನಡೆಯುತ್ತದೆ. 0.6ಕ್ಕಿಂತ ಕೆಳಗಿದ್ದರೆ ಇನ್ನೊಂದು ದಿನ ತರಬೇತಿ ಕೊಡಿ.

ಲೆಕ್ಕದ ಹಾಳೆ ಇಷ್ಟು ಕಾಡುವುದಿಲ್ಲ, ಉತ್ತರ ಕಣ್ಣೆದುರೇ ಇರುತ್ತದೆ. ಆದರೆ 41ರಲ್ಲಿ 13 ಕಳೆದು 32 ಎಂದು ಬರೆದ ಮಗುವಿಗೂ ಏನೂ ಬರೆಯದ ಮಗುವಿಗೂ ಅಲ್ಲಿ ಒಂದೇ ಗುರುತು. ಮೊದಲನೆಯದಕ್ಕೆ ಕಳೆಯಲು ಬರುತ್ತದೆ, ದಶಕ ತೆಗೆದುಕೊಳ್ಳಲು ಬರುವುದಿಲ್ಲ, ಅಷ್ಟೆ. ಮಕ್ಕಳು ಮಾಡಿದ ಲೆಕ್ಕದ ಕಾಗದ ಎಸೆಯಬೇಡಿ.

ಇನ್ನು ಸಿಂಧುತ್ವ, ಅಂದರೆ ಅಳೆಯಬೇಕಾದ್ದನ್ನೇ ಹಾಳೆ ಅಳೆಯುತ್ತದೆಯೇ ಎಂಬುದು. ಅಸರ್‌ನ ಗ್ರಾಮೀಣ ಸಮೀಕ್ಷೆ ಮನೆಗೇ ಹೋಗುವುದರಿಂದ ಶಾಲೆ ಬಿಟ್ಟವರು, ಆ ದಿನ ಗೈರಾದವರು ತಪ್ಪಿಹೋಗುವುದಿಲ್ಲ. ಇದು ದೊಡ್ಡ ಗುಣ. ಆದರೆ ಕಥೆ ಓದಿದ ಎಂಟನೇ ತರಗತಿ ಹುಡುಗಿಯ ಬಗ್ಗೆ ಹಾಳೆ ಅಲ್ಲಿಗೇ ಬಾಯಿ ಮುಚ್ಚುತ್ತದೆ, ಮೇಲೆ ಇನ್ನು ಮೆಟ್ಟಿಲಿಲ್ಲ. ಓದಿದ್ದು ಅರ್ಥವಾಯಿತೇ ಎಂಬುದು ಈ ಐದು ಮಟ್ಟಗಳಲ್ಲಿ ಎಲ್ಲೂ ಕಾಣದು. ಹೈಸ್ಕೂಲು ಮಕ್ಕಳ ಕಲಿಕೆಯ ಮೇಲೆ ಪ್ರಬಂಧ ಬರೆಯುವವರು ಬೇರೆ ಪರೀಕ್ಷೆ ನೋಡಿಕೊಳ್ಳಲಿ. ಮೂರರಿಂದ ಐದನೇ ತರಗತಿಗಾದರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು, ಮೊದಲು ಆ ಇಬ್ಬರನ್ನು ಕೂರಿಸಿ ನೋಡಿದ ಮೇಲೆ.