ಊರು ಬೆಳೆಯುತ್ತಿದೆ, ತೊಟ್ಟಿಲು ತೂಗುತ್ತಿಲ್ಲ: ಅಮೆರಿಕದ ಕೌಂಟಿ ಜನಸಂಖ್ಯಾ ಫೈಲ್ ಹೇಗಿದೆ?
ಒಂದೇ ರಾಜ್ಯದಲ್ಲಿ ಈ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಘಟಕ) ಹುಟ್ಟು ಹೆಚ್ಚು, ಆ ಕೌಂಟಿಯಲ್ಲಿ ಸಾವು ಹೆಚ್ಚು. ಈ ವ್ಯತ್ಯಾಸ ನೋಡಬೇಕಾದವರಿಗೆ ಅಮೆರಿಕದ ಜನಗಣತಿ ಸಂಸ್ಥೆ ಸೆನ್ಸಸ್ ಬ್ಯೂರೋ ಪ್ರತಿ ವರ್ಷ ಉಚಿತವಾಗಿ ಕೊಡುವ ಕೌಂಟಿ ಅಂದಾಜಿನ ಸಿಎಸ್‌ವಿ ಫೈಲ್ ತುಂಬ ಒಳ್ಳೆಯ ಸಾಧನ. ಜನನ, ಮರಣ, ಒಳವಲಸೆ (ದೇಶದೊಳಗಿನ ವಲಸೆ), ಹೊರದೇಶದ ವಲಸೆ ಎಲ್ಲಕ್ಕೂ ಬೇರೆ ಬೇರೆ ಕಾಲಂ. ಹೀಗೆ ಬಿಡಿಸಿಟ್ಟ ಲೆಕ್ಕವೇ ಇದರ ಜೀವಾಳ.

ಫ್ಲಾರಿಡಾದ ಸಮ್ಟರ್ ಕೌಂಟಿಯನ್ನೇ ನೋಡಿ. 2010ರಲ್ಲಿ 93,420 ಇದ್ದ ಜನ 2020ಕ್ಕೆ 1,29,752 ಆದರು. ಒಟ್ಟು ಸಂಖ್ಯೆ ಮಾತ್ರ ನೋಡಿದರೆ ಮಕ್ಕಳಿಂದ ತುಂಬಿದ ಊರು ಅನ್ನಿಸುತ್ತದೆ. ಆದರೆ ಇದು ‘ದಿ ವಿಲೇಜಸ್’ ಎಂಬ ನಿವೃತ್ತರ ಬಡಾವಣೆ ಇರುವ ಜಾಗ. ಅರ್ಧಕ್ಕಿಂತ ಹೆಚ್ಚು ಜನ 65 ದಾಟಿದವರು. ಸ್ವಾಭಾವಿಕ ಬದಲಾವಣೆಯ (ಜನನದಲ್ಲಿ ಮರಣ ಕಳೆದ ಲೆಕ್ಕ) ಕಾಲಂನಲ್ಲಿ ಮೈನಸ್ ಚಿಹ್ನೆ, ಒಳವಲಸೆಯಲ್ಲಿ ದೊಡ್ಡ ಪ್ಲಸ್. ಅದೇ ರಾಜ್ಯದ, ಒರ್ಲ್ಯಾಂಡೊ ಇರುವ ಆರೆಂಜ್ ಕೌಂಟಿಯಲ್ಲಿ ಜನನವೇ ಮುಂದೆ. ಈ ವ್ಯತ್ಯಾಸಕ್ಕೆ ಕಾರಣ ಅಲ್ಲಿನ ಜನರ ವಯಸ್ಸಿನ ಹಂಚಿಕೆ. ಒಂದು ಕಡೆ ಆರೋಗ್ಯ ಕೆಟ್ಟಿದೆ, ಇನ್ನೊಂದು ಕಡೆ ಹೆಂಗಸರು ಹೆಚ್ಚು ಹೆರುತ್ತಾರೆ ಎಂದು ಇದರಿಂದ ತೀರ್ಮಾನಿಸಬಾರದು.

ಎಡವುವ ಜಾಗಗಳು ಹಲವು. ಮೊದಲನೆಯದು 2020ರ ಜನನ, ಮರಣದ ಕಾಲಂ. ಅದು ಏಪ್ರಿಲ್ 1ರಿಂದ ಜೂನ್ 30ರವರೆಗಿನ ಮೂರೇ ತಿಂಗಳಿನದು. ಇಡೀ ವರ್ಷ ಎಂದುಕೊಂಡು 2021ರ ಪಕ್ಕ ಇಟ್ಟರೆ ಜನನ ನಾಲ್ಕು ಪಟ್ಟು ಜಿಗಿದಂತೆ ಕಾಣುತ್ತದೆ! 2021 ಎಂದರೆ ಹಿಂದಿನ ಜುಲೈನಿಂದ ಆ ಜೂನ್‌ವರೆಗೆ. ಅದೂ ಕೋವಿಡ್ ವರ್ಷ: ದೇಶದ ಶೇ. 73ರಷ್ಟು ಕೌಂಟಿಗಳಲ್ಲಿ ಸಾವು ಹುಟ್ಟನ್ನು ಮೀರಿತ್ತು, 2019ರಲ್ಲಿ ಇದು ಶೇ. 45.5. ಹಾಗಾಗಿ ಒಂದೇ ವರ್ಷ ಹಿಡಿಯದೆ ಮೂರು ವರ್ಷದ ಸರಾಸರಿ ತೆಗೆಯಿರಿ.

ಫೈಲನ್ನು ಎಕ್ಸೆಲ್‌ನಲ್ಲಿ ನೇರ ತೆರೆದರೆ ಕೌಂಟಿ ಸಂಕೇತದ ಮುಂದಿನ ಸೊನ್ನೆಗಳು ಉದುರುತ್ತವೆ, ಆಮೇಲೆ ನಕ್ಷೆಗೆ ಜೋಡಣೆಯಾಗುವುದಿಲ್ಲ. ಆ ಕಾಲಂ ಅನ್ನು ಟೆಕ್ಸ್ಟ್ ಆಗಿ ಆಮದು ಮಾಡಿ. ಪೈಥಾನ್‌ನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಓದುವ ಪದ್ಧತಿ) ಲ್ಯಾಟಿನ್-1 ಕೊಡಿ. ಇಲ್ಲದಿದ್ದರೆ ನ್ಯೂ ಮೆಕ್ಸಿಕೊದ ಡೊನ್ಯಾ ಆನಾ ಕೌಂಟಿಯ ಹೆಸರಿನಲ್ಲಿರುವ ñ ಅಕ್ಷರಕ್ಕೆ ಎರರ್ ಬರುತ್ತದೆ. ಮಟ್ಟದ ಸಂಕೇತ 040 ಇರುವ ಸಾಲು ರಾಜ್ಯದ ಮೊತ್ತ, 050 ಕೌಂಟಿ. 040 ತೆಗೆಯದೆ ಕೂಡಿಸಿದರೆ ಎಲ್ಲವೂ ಇಮ್ಮಡಿ. ಕನೆಕ್ಟಿಕಟ್‌ನಲ್ಲಿ 2022ರ ಆವೃತ್ತಿಯಿಂದ 8 ಕೌಂಟಿಗಳ ಬದಲು 9 ಯೋಜನಾ ಪ್ರದೇಶಗಳಿವೆ, ಹಳೆಯದಕ್ಕೆ ಹೊಂದುವುದಿಲ್ಲ. ಪ್ರತಿ ಆವೃತ್ತಿ ಹಿಂದಿನ ವರ್ಷಗಳನ್ನೂ ತಿದ್ದುವುದರಿಂದ ಎರಡು ಆವೃತ್ತಿಗಳನ್ನು ಬೆರೆಸಲೇಬೇಡಿ.

ಇದರ ದೊಡ್ಡ ಗುಣ, ಹೆರಿಗೆ ಎಲ್ಲೇ ಆದರೂ ಮಗು ತಾಯಿ ವಾಸಿಸುವ ಕೌಂಟಿಯ ಲೆಕ್ಕಕ್ಕೆ ಸೇರುತ್ತದೆ. ನಮ್ಮಲ್ಲಿ ನೋಂದಣಿ ಆಗುವುದು ಹೆರಿಗೆಯಾದ ಊರಲ್ಲಿ. ಬಾಣಂತನಕ್ಕೆ ತವರಿಗೆ, ಹೆರಿಗೆಗೆ ಜಿಲ್ಲಾಸ್ಪತ್ರೆಗೆ ಹೋಗುವ ಕರ್ನಾಟಕದಲ್ಲಿ ತಾಲ್ಲೂಕುಗಳನ್ನು ನೋಂದಣಿ ಸಂಖ್ಯೆಯಿಂದಲೇ ಹೋಲಿಸುವವರು ಇದನ್ನು ಮರೆಯಬಾರದು.

ಆದರೆ ಪುಟ್ಟ ಕೌಂಟಿಗಳ ಜನನ, ಮರಣ ದರವನ್ನು ನಂಬಬೇಡಿ. ಟೆಕ್ಸಸ್‌ನ ಲವಿಂಗ್ ಕೌಂಟಿಯಲ್ಲಿ 2020ರಲ್ಲಿ ಇದ್ದದ್ದು 64 ಜನ. ಅಲ್ಲಿ ಒಂದು ಸಾವೆಂದರೆ ಸಾವಿರಕ್ಕೆ ಸುಮಾರು 16. ಒಟ್ಟಾರೆ ಈ ಫೈಲಿಗೆ ನನ್ನ ಕಡೆಯಿಂದ 5ಕ್ಕೆ 4 ಅಂಕ. ಉಳಿದ ಒಂದು ಅಂಕ ಹೋದದ್ದು ಮೂರು ತಿಂಗಳ ಕಾಲಂಗೆ ಇಡೀ ವರ್ಷದ ಹೆಸರು ಕೊಟ್ಟಿದ್ದಕ್ಕೆ.